ಸೀಮೆಸುಣ್ಣ, ಡಸ್ಟರು ಮತ್ತು ವೈನಿ

ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದವಳು. ಆದರೂ ಇಂಗ್ಲಿಷ್ ಶಿಕ್ಷಕರಾಗುವವರ ಬಿ.ಎಡ್. ಪರೀಕ್ಷೆಯಲ್ಲಿ, ಪರೀಕ್ಷಕರ ಕಣ್ಣೆದುರು, ಮುಕ್ಕಾಲು ತಾಸು ನಿಂತು ಬಂದಿದ್ದೇನೆ! ವಿದ್ಯಾರ್ಥಿಯಾಗಿಯಾ? ಅಲ್ಲ. ಶಿಕ್ಷಕಿಯಾಗಿಯಾ? ಛೆ ಛೆ. ತರಗತಿಯಲ್ಲಿ ಸೀಮೆಸುಣ್ಣ, ಡಸ್ಟರು, ಭೂಪಟ ಎಂದೆಲ್ಲ ಸಾಮಾನು ಇರುತ್ತವಲ್ಲ, ಆ ಪೈಕಿ ಒಂದು ಸಾಮಾನಾಗಿ. ನನ್ನನ್ನು ಈ ಪದವಿಗೆ ಏರಿಸಿದ ಪುಣ್ಯಾತ್ಗಿತ್ತಿ ನನ್ನ ವಾರಗಿತ್ತಿ.

ವಾರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಹಣಕೋಣದ ಹುಡುಗಿ, ಬಿ.ಎ. ಮುಗಿಸಿದವಳು. ಅಮದಳ್ಳಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವಳ ಟ್ರಂಕು ಇಳಿಸಲು ಇಬ್ಬರು ಗಂಡಸರು ಬೇಕಾದರು. ಭಾರೀ ಬಂಗಾರವೇ ತಂದಿದ್ದಾಳೆಂದು ನಮ್ಮ ಅತ್ತೆ ಖುಷಿಯಾಗಿದ್ದರು. ತೆಗೆದು ನೋಡಿದರೆ ಮೇಲೆ ನಾಲ್ಕು ಸೀರೆ, ಕೆಳಗೆಲ್ಲ ಪುಸ್ತಕ! ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ಗಂಡ ಕರೆಯುವುದನ್ನು ಕೇಳಿ ಇವಳೂ ನನ್ನನ್ನು ವೈನಿ ಎಂದೇ ಕರೆಯತೊಡಗಿದಳು. ಅವಳ ಹೆಸರನ್ನು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ. ಯಾಕೆ ಎಂದು ಕಡೆಯಲ್ಲಿ ತಿಳಿಯುತ್ತದೆ, ಸ್ವಲ್ಪ ತಾಳಿ.

ತನ್ನ ಮಗಳನ್ನು ಒಂದನೇ ಇಯತ್ತೆಗೆ ಸೇರಿಸಿ ಬಂದ ದಿನವೇ ಸಂಜೆ, ಚಾ ಕುಡಿಯುವ ಹೊತ್ತಿನಲ್ಲಿ, ಇವಳು ಬಾಂಬು ಹಾಕಿದಳು.

"ನಾನೂ ಕಾಲೇಜಿಗೆ ಹೋಗೂದು ಅಂತ ಮಾಡಿದ್ದೆ. ಬಿ.ಎಡ್. ಒಂದೇ ವರ್ಷ. ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸ್ಬೇಕು ಅಂತ ನಂಗೆ ಸಣ್ಣಕಿದ್ದಾಗಿಂದ ಆಸೆ."

ಅತ್ತೆ ಬಸಿಯಲ್ಲಿದ್ದ ಚಾ ಅಲ್ಲೇ ಇಟ್ಟರು. "ತಾಯಿ-ಮಗಳು ಇಬ್ರೂ ಪಾಟಿಚೀಲ ಹಾಕ್ಕೊಂಡು ಹೊರಟ್ರೆ ಒಲೆ ಮುಂದೆ ಯಾರು? ನಾನಾ?"

"ನಾ ಇದ್ದೆನಲ್ಲ," ಎಂದುಬಿಟ್ಟೆ ನಾನು. ಯಾಕೆ ಅಂದೆನೋ! ಆ ಒಂದು ಮಾತಿಗೆ ವರ್ಷಪೂರ್ತಿ ಸೊಂಟ ಹಿಡಿದುಕೊಂಡು ನಡೆದೆ.

ಅತ್ತೆ ಇಬ್ಬರ ಮುಖವನ್ನೂ ನೋಡಿದರು. "ಸರಿ. ಒಂದ್ ವರ್ಷ. ಪಾಸಾದ್ರೆ ಶಾಲೆ ಅಕ್ಕೋರು ಆಗು, ನಾ ಬೇಡ ಅನ್ನೂದಿಲ್ಲ. ಫೇಲಾದ್ರೆ ಮಾತ್ರ ಮತ್ತೆ ಈ ಮನೇಲಿ ಪುಸ್ತಕದ ಸುದ್ದಿ ಎತ್ತೂಕಿಲ್ಲ. ಟ್ರಂಕಿನ ಪುಸ್ತಕ ಎಲ್ಲಾ ರದ್ದಿಗೆ." ನಮ್ಮ ಅತ್ತೆ ಕೆಟ್ಟವರಲ್ಲ. ಆದರೆ ಆಡಿದ ಮಾತಿನಿಂದ ಒಂದು ಗೇಣು ಆಚೆ ಈಚೆ ಹೋದವರಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಯಾಕೆ ಅಷ್ಟು ಬೇಗ ಒಲೆಯನ್ನು ವಹಿಸಿಕೊಂಡೆ? ನನ್ನ ತವರು ಕದ್ವಾಡದಲ್ಲಿ ನನ್ನ ಮದುವೆಯ ಮಾತುಕತೆ ನಡೆದಾಗ, ಹುಡುಗಿ ಎಷ್ಟು ಓದಿದ್ದಾಳೆ ಎಂದು ಈ ಮನೆಯವರು ಕೇಳಿದ್ದರು. "ಎಸ್ಸೆಸ್ಸೆಲ್ಸಿವರೆಗೆ" ಎಂದಿದ್ದರು ನಮ್ಮಪ್ಪ. ಸುಳ್ಳೇನಲ್ಲ. ಪಾಸೋ ಫೇಲೋ ಎಂದು ಇವರು ಕೇಳಲಿಲ್ಲ, ನಾವು ಹೇಳಲಿಲ್ಲ. ಕನ್ನಡದಲ್ಲಿ ನಾನು ಶಾಲೆಗೇ ಮೊದಲಿಗಳು. ಇಂಗ್ಲಿಷ್ ಪೇಪರು ಕೈಗೆ ಬಂದರೆ ಮಾತ್ರ ಕಣ್ಣು ಕತ್ತಲೆ. ಎರಡನೇ ಸಲವೂ ಹೋದ ಮೇಲೆ ಅಪ್ಪ "ಸಾಕು" ಎಂದರು. ನನ್ನ ಓದು ಅಲ್ಲಿಗೆ ನಿಂತಿತು. ಇವಳದ್ದಾದರೂ ಮುಂದೆ ಹೋಗಲಿ ಎಂದು ಅನಿಸಿದ್ದು ಹೌದು. ಆದರೆ ಅದರ ಜೊತೆ ಏನೇನು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು ಹೇಳಿ!

ಕಾಲೇಜು ಕಾರವಾರದಲ್ಲಿ. ಬೆಳಿಗ್ಗೆ ಯೂನಿಫಾರ್ಮಿನ ಸೀರೆ ಉಟ್ಟು ಬಸ್ಸು ಹತ್ತುವಾಗ ನಮ್ಮ ಮನೆಯ ಸಣ್ಣ ಸೊಸೆ. ಸಂಜೆ ಇಳಿಯುವಾಗ ಆ ದಿನ ಕಲಿತ ಪಾಠವೇ ಮೈಮೇಲೆ ಬಂದವಳು. ಕಲಿತದ್ದನ್ನು ಕಾಲೇಜಿನಲ್ಲೇ ಬಿಟ್ಟು ಬರಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಮೊದಲ ತಿಂಗಳು ಬಂದದ್ದು 'ಡೈರೆಕ್ಟ್ ಮೆಥಡ್'. ಇಂಗ್ಲಿಷ್ ಕಲಿಸುವಾಗ ಮನೆಮಾತು ಒಂದಕ್ಷರ ಆಡಕೂಡದಂತೆ. ವಸ್ತುವನ್ನು ಎತ್ತಿ ತೋರಿಸಬೇಕು, ಹೆಸರು ಹೇಳಬೇಕು, ಕೇಳಿದವರು ತಿರುಗಿ ಹೇಳಬೇಕು. ಅಷ್ಟೇ. ಸರಿ, ನಮ್ಮ ಮನೆಯಲ್ಲಿ ಕೊಂಕಣಿ ಬಂದ್, ಕನ್ನಡ ಬಂದ್!

"ಸಾರಿಗೆ ಉಪ್ಪು ಹಾಕಿದ್ಯೇನೆ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಇವಳು ಸೌಟನ್ನು ಎತ್ತಿ ಹಿಡಿದು, ಅಡುಗೆಮನೆಯ ಬಾಗಿಲಿಗೆ ಬಂದು, "ದಿಸ್ ಈಸ್ ಎ ಲೇಡಲ್. ರಿಪೀಟ್!" ಎಂದಳು.

"ಅದು ಸೌಟು. ನಾ ಹುಟ್ಟಿದಾಗಿಂದ ನೋಡ್ತೇ ಇದ್ದೆ. ಅದ್ನ ತಕಂಡು ಹೋಗಿ ಪಾತ್ರೆಲಿ ಆಡ್ಸು."

ಇವಳು ಹಿಂದೆ ತಿರುಗಿ ನೋಡಿದರೆ ಬಂಗಡೆ ಸಾರು ತಳ ಹಿಡಿಯುತ್ತಿದೆ. ತಳ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಹೊಳೆಯಲಿಲ್ಲ. ಕನ್ನಡದಲ್ಲಿ ಹೇಳುವ ಹಾಗಿಲ್ಲ. ನಾನು ಬಾವಿಕಟ್ಟೆಯಿಂದ ಬರುವವರೆಗೂ ಈ ಮಾರಾಯ್ತಿ ಒಲೆಯ ಕಡೆ ಬೆರಳು ತೋರಿಸುತ್ತಾ "ದಿಸ್! ದಿಸ್!" ಎನ್ನುತ್ತಾ ನಿಂತಿದ್ದಳು. ಆ ರಾತ್ರಿ ಎಲ್ಲರೂ ಉಪ್ಪಿನಕಾಯಿ ಹಚ್ಚಿಕೊಂಡು ಗಂಜಿ ಉಂಡೆವು. ಯಾವ ಭಾಷೆಯೂ ಬೇಕಾಗಲಿಲ್ಲ.

ಮುಂದೆ ಬಂದದ್ದು ಪ್ರೋತ್ಸಾಹದ ಪಾಠ. ಯಾರು ಏನು ಉತ್ತರ ಕೊಟ್ಟರೂ ಮುಗುಳುನಗೆ ಬೀರಿ, ತಲೆ ಆಡಿಸಿ, "ವೆರಿ ಗುಡ್, ಸಿಟ್ ಡೌನ್" ಎನ್ನಬೇಕು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟರೆ "ವೆರಿ ಗುಡ್, ಸಿಟ್ ಡೌನ್." ಅವನು ಪಾಪ, "ನಾ ಕೂತ್ಕಂಡ್ರೆ ಟಿಕೆಟ್ ಯಾರು ಹರಿಯೂದು ಬಾಯೋರೆ?" ಎಂದು ಕೇಳಿದನಂತೆ. ಅದಕ್ಕೂ "ಗುಡ್ ಕ್ವೆಶ್ಚನ್!"

ಒಂದು ದಿನ ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಮೀನಿನವಳು ನನ್ನನ್ನು ಗುಟ್ಟಾಗಿ ಹಿತ್ತಿಲ ಕಡೆಗೆ ಕರೆದಳು.

"ನಿಮ್ಮ ವಾರಗಿತ್ತಿಗೆ ಎಂತಾ ಆಗದೆ ಅಕ್ಕಾ? ತಾರ್ಲೆ ತಾಜಾ ಅದ್ಯಾ ಅಂತ ಕೇಳ್ತದೆ. ಹೌದು ಅಂದ್ರೆ ಚಪ್ಪಾಳೆ ಹೊಡಿತದೆ!"

"ಅದು ಕಾಲೇಜಿಂದು ಮಾರಾಯ್ತಿ. ಹೆದರಬೇಡ."

"ಹೆದರದೇ ಎಂತಾ ಮಾಡೂದು? ಅಷ್ಟು ಚಪ್ಪಾಳೆ ಹೊಡ್ಸ್ಕಂಡು ನಿನ್ನೆಯ ಮೀನು ಕೊಡೂಕೆ ಮನಸ್ಸು ಬತ್ತದ್ಯಾ? ಇವತ್ತು ನಿಮ್ಮನೆಗೆ ಅಂತ ಬೇರೆ ತಂದಿದ್ದೆ."

ಆ ವರ್ಷವಿಡೀ ನಾವು ತಿಂದಷ್ಟು ತಾಜಾ ಮೀನನ್ನು ಹಿಂದೆಯೂ ತಿಂದಿಲ್ಲ, ಮುಂದೆಯೂ ತಿಂದಿಲ್ಲ. ಬಿ.ಎಡ್. ಶಿಕ್ಷಣದಲ್ಲಿ ಸತ್ವವೇ ಇಲ್ಲ ಎನ್ನುವವರು ನಮ್ಮ ಮನೆಗೆ ಬಂದು ಕೇಳಬೇಕು.

ಇಷ್ಟೆಲ್ಲ ಬಾಯಿ ಇದ್ದವಳು ನಿಜವಾದ ತರಗತಿಯಲ್ಲಿ ಹೇಗಿದ್ದಳು ಗೊತ್ತೇ? ಅಲ್ಲೇ ಇದ್ದದ್ದು ತಾಪತ್ರಯ. ಮಕ್ಕಳಿಗೆ ಪಾಠ ಮಾಡಿ ತೋರಿಸಲು ಅವಳಿಗೆ ಅಂಕೋಲೆಯ ಒಂದು ಹೈಸ್ಕೂಲನ್ನು ಹಚ್ಚಿಕೊಟ್ಟಿದ್ದರು. ಮೊದಲ ಪಾಠದ ದಿನ ಸಂಜೆ ಮನೆಗೆ ಬಂದವಳು ನೇರ ಅಡುಗೆಮನೆಗೆ ಬಂದು, ನೆಲದ ಮೇಲೆ ಕೂತು, ಪಾಠಯೋಜನೆಯ ವಹಿಯನ್ನು ನನ್ನ ಮುಂದೆ ಬಿಸಾಡಿದಳು. ಕಾಲೇಜಿನ ಮೇಡಂ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಅವಳೇ ಓದಿ ಹೇಳಿದಳು: ಧ್ವನಿ ಮೊದಲ ಬೆಂಚಿಗೂ ಮುಟ್ಟುವುದಿಲ್ಲ.

"ಮಕ್ಕಳು ಮಾತ್ರ ಇದ್ರೆ ಎಂತಾ ಇಲ್ಲ ವೈನಿ. ಹಿಂದೆ ಯಾರಾದ್ರೂ ದೊಡ್ಡವರು ಕೂತು ನೋಡ್ತಾ ಇದ್ದಾರೆ ಅಂದ್ರೆ ನಂಗೆ ಗಂಟಲೇ ಕಟ್ಟಿಹೋಗ್ತದೆ."

ಹೆದ್ದಾರಿಯಲ್ಲಿ ಹೋಗುವ ಲಾರಿಯವರಿಗೆ ಕೇಳುವ ಹಾಗೆ ಮಾತಾಡುವ ಹೆಂಗಸು! ನನಗೆ ನಗು ಬಂತು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು. ಕಡೆಯ ಪರೀಕ್ಷೆಯಲ್ಲೂ ಹೀಗೇ ಒಂದು ಪಾಠ ಮಾಡಿ ತೋರಿಸಬೇಕು. ಆಗ ಹಿಂದೆ ಕೂರುವವರು ಕಾಲೇಜಿನ ಪರಿಚಯದ ಮೇಡಂ ಅಲ್ಲ, ಹೊರಗಿನಿಂದ ಬಂದ ಪರೀಕ್ಷಕರು. ಅಲ್ಲಿ ಗಂಟಲು ಕಟ್ಟಿದರೆ ಫೇಲು. ಫೇಲಾದರೆ ಟ್ರಂಕು ರದ್ದಿಗೆ.

"ಹಂಗಾದ್ರೆ ನನ್ನ ಮುಂದೆ ಮಾಡು," ಎಂದೆ. "ನಾ ಎಂತಾ ಸಣ್ಣವಳಾ? ದೊಡ್ಡವಳೇ."

ಅವತ್ತಿನಿಂದ ನಮ್ಮ ಅಡುಗೆಮನೆ ಶಾಲೆಯಾಯಿತು. ಮಸಿ ಹಿಡಿದ ಗೋಡೆ ಕರಿಹಲಗೆ. ಬಾಗಿಲ ಹೊರಗಿನ ಕೋಳಿಗಳು ಹಿಂದಿನ ಬೆಂಚು. ಅತ್ತೆ ಹೆಡ್‌ಮಾಸ್ತರು, ಅವರಿಗೆ ಗದರುವ ಕೆಲಸ ಮಾತ್ರ. ನಾನು ಇಡೀ ಕ್ಲಾಸು! ಕಾಯಿ ತುರಿಯುತ್ತಾ, ಮಸಾಲೆ ಅರೆಯುತ್ತಾ, ಇವಳು ಪ್ರಶ್ನೆ ಕೇಳಿದ ತಕ್ಷಣ ನಲವತ್ತು ಮಕ್ಕಳ ಪರವಾಗಿ ನಾನೊಬ್ಬಳೇ ಉತ್ತರ ಕೂಗಬೇಕು. ಉತ್ತರ ಅವಳೇ ಮೊದಲು ಹೇಳಿಕೊಟ್ಟಿರುತ್ತಿದ್ದಳು, ಆದ್ದರಿಂದ ಬಚಾವ್. ಕೇಳಿ ಕೇಳಿ ಸಣ್ಣ ಸಣ್ಣ ಇಂಗ್ಲಿಷು ನನಗೂ ತಿಳಿಯತೊಡಗಿತು. ನಾನು ಯಾರಿಗೂ ಹೇಳಲಿಲ್ಲ.

ನಡುವೆ ಏಡಿಯ ಕತೆ ಆಯಿತು. ಸಮುದ್ರದ ಜೀವಿಗಳ ಬಗ್ಗೆ ಒಂದು ಪಾಠ ಮಾಡಬೇಕಿತ್ತು. ಬೇರೆಯವರೆಲ್ಲ ಚಿತ್ರ ಬರೆದ ಚಾರ್ಟು ಒಯ್ಯುತ್ತಾರೆ. ನಮ್ಮವಳಿಗೆ ಚಿತ್ರ ಸಾಲದು. "ಟೀಚಿಂಗ್ ಏಡ್ ಅಂದ್ರೆ ಜೀವಂತ ಇರ್ಬೇಕು ವೈನಿ. ಡೈರೆಕ್ಟ್!" ಪಾಠಕ್ಕೆ ಬೇಕಾಗುವ ಸಾಮಾನಿಗೆ ಅವರು ಟೀಚಿಂಗ್ ಏಡ್ ಎನ್ನುತ್ತಾರೆ. ಅದನ್ನೆಲ್ಲ ಹೊರಲು ನಾನೂ ಜೊತೆಗೆ ಬಸ್ಸು ಹತ್ತಿದೆ. ಚಾರ್ಟಿನ ಸುರುಳಿ, ಕೊಡೆ, ಊಟದ ಡಬ್ಬಿ, ವಹಿ ಎಲ್ಲ ಅವಳ ಕೈಯಲ್ಲಿ. ಆರು ಜೀವಂತ ಏಡಿಗಳಿದ್ದ ಮುಚ್ಚಳದ ಬುಟ್ಟಿ ನನ್ನ ತೊಡೆಯ ಮೇಲೆ. ಬಸ್ಸು ಹಾರವಾಡ ದಾಟುವ ಹೊತ್ತಿಗೆ ಎಣಿಸಿದರೆ ಐದೇ. ಆರನೆಯದು ಎಲ್ಲಿದೆ ಎಂದು ಅವರ್ಸಾದಲ್ಲಿ ಗೊತ್ತಾಯಿತು. ಮುಂದಿನ ಸೀಟಿನ ಗೃಹಸ್ಥರೊಬ್ಬರು ಕಾಲಿನ ಹೆಬ್ಬೆರಳು ಹಿಡಿದುಕೊಂಡು ಎದ್ದು ನಿಂತು, ನನಗೆ ಇಂದಿಗೂ ಬರೆಯಲಾಗದ ಮಾತೊಂದನ್ನು ಆಡಿದರು. ನಮ್ಮವಳು ಅಭ್ಯಾಸಬಲದಿಂದ "ಸಿಟ್ ಡೌನ್" ಎಂದಳು.

ಶಾಲೆ ಇದ್ದದ್ದು ಸಮುದ್ರದ ದಂಡೆಗೆ ಹತ್ತಿರ. ಆ ಮಕ್ಕಳ ಮನೆಗಳಲ್ಲಿ ಅರ್ಧಕ್ಕರ್ಧ ದೋಣಿಯವರು. ಅವರಿಗೆ ಏಡಿ ತೋರಿಸಿ "ದಿಸ್ ಈಸ್ ಎ ಕ್ರ್ಯಾಬ್" ಎನ್ನುವುದೆಂದರೆ! ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಮೊದಲು ಇವಳ ಪಿಸುದನಿ. ಆಮೇಲೆ ಯಾವನೋ ಒಬ್ಬ, "ಹಂಗೆ ಹಿಡಿಬಾರ್ದು ಅಕ್ಕೋರೆ, ಕೊಡಿ ಇಲ್ಲಿ" ಎಂದ. ಆಮೇಲೆ ಇಡೀ ಕ್ಲಾಸೇ ಮುಂದೆ ಬಂತು. ಯಾವುದು ಹೆಣ್ಣು, ಯಾವುದರೊಳಗೆ ಮಾಂಸ ತುಂಬಿದೆ, ಯಾವುದು ಬರೀ ನೀರು, ಕೊಂಡಿ ಹೇಗೆ ಮುರಿಯಬೇಕು, ಎಲ್ಲವನ್ನೂ ಅಕ್ಕೋರಿಗೆ ಕಲಿಸಿದರು. ಮೇಡಂ ವಹಿಯಲ್ಲಿ ಬರೆದರು: ವಿದ್ಯಾರ್ಥಿಗಳ ಬೋಧನೆ ಉತ್ತಮವಾಗಿದೆ. ಐದು ಏಡಿಗಳಲ್ಲಿ ಒಂದೂ ತಿರುಗಿ ಬರಲಿಲ್ಲ. ಅವು ಅಂಕೋಲೆಯ ಯಾವ ಯಾವ ಒಲೆಯ ಮೇಲೆ ಪರೀಕ್ಷೆ ಬರೆದವೋ ದೇವರಿಗೇ ಗೊತ್ತು.

ನಗುತ್ತಲೇ ವರ್ಷ ಮುಗಿಯಿತು ಎಂದುಕೊಳ್ಳಬೇಡಿ. ಒಂದು ದಿನ ನಾನೂ ಸಿಡಿದೆ. ಪರೀಕ್ಷೆಗೆ ತಿಂಗಳು ಬಾಕಿ ಇರುವಾಗ ಮನೆಯಲ್ಲಿ ಶ್ರಾದ್ಧ, ಇಪ್ಪತ್ತು ಎಲೆಯ ಅಡುಗೆ, ಅತ್ತೆಗೆ ಮಂಡಿನೋವು. ಇವಳು ನಡುಮನೆಯಲ್ಲಿ ಚಾರ್ಟಿಗೆ ಬಣ್ಣ ಹಚ್ಚುತ್ತಾ ಕೂತಿದ್ದಾಳೆ! ನಾನು ಒದ್ದೆ ಕೈಯಲ್ಲೇ ಹೊರಗೆ ಬಂದು, "ನಿನ್ನ ಬಿ.ಎಡ್. ನಡೀತಾ ಇದ್ದದ್ದು ಕಾರವಾರದಲ್ಲಲ್ಲ, ನನ್ನ ಸೊಂಟದ ಮೇಲೆ! ಗೊತ್ತದ್ಯಾ ನಿಂಗೆ?" ಎಂದೆ.

ಇವಳು ಕುಂಚ ಇಟ್ಟು ಎದ್ದು ನಿಂತಳು. ಜಗಳಕ್ಕೂ ಪಾಠಯೋಜನೆ ಇದ್ದವಳಲ್ಲವೇ! ಮೊದಲು ಪೀಠಿಕೆ, ಆಮೇಲೆ ಉದ್ದೇಶ, ಆಮೇಲೆ ವಿವರಣೆ, ಕಡೆಗೆ "ನಾ ಹೇಳಿದ್ರಲ್ಲಿ ನಿಮಗೆ ಎಂತಾ ತಿಳೀತು?" ಎಂಬ ಮೌಲ್ಯಮಾಪನ. ಗಂಡನ ಜೊತೆ ಜಗಳವನ್ನೂ ಹೀಗೇ ಆಡುತ್ತಿದ್ದಳು. ಅದನ್ನೇ ಕಾಯುತ್ತಾ ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ಅವಳು ಮಾತ್ರ ಒಳಗೆ ಹೋಗಿ ಸೆರಗು ಕಟ್ಟಿ ಕಾಯಿ ತುರಿಯಲು ಕೂತಳು. ಬೇಡ ಹೋಗು, ಓದಿಕೋ ಎನ್ನಬೇಕು ಎಂದು ಮೂರು ಸಲ ಬಾಯಿ ತೆರೆದೆ. ಮಾತು ಬರಲಿಲ್ಲ. ನಮ್ಮ ಮನೆಯಲ್ಲಿ ಬೈಯುವುದಕ್ಕೆ ಎಷ್ಟು ಬೇಕಾದರೂ ಮಾತಿವೆ. ಇಂಥದ್ದಕ್ಕೆಲ್ಲ ಯಾರೂ ಮಾತು ಬಳಸಿ ರೂಢಿಯಿಲ್ಲ. ಎಂಟು ದಿನ ಇಬ್ಬರೂ ಬೇಕಾದಷ್ಟೇ ಮಾತಾಡಿಕೊಂಡಿದ್ದೆವು.

ಒಂಬತ್ತನೇ ದಿನ ಅವಳು ಕಡೆಯ ಪರೀಕ್ಷೆಯ ಪಾಠಯೋಜನೆ ಬರೆದ ವಹಿಯನ್ನು ಒಲೆಕಟ್ಟೆಯ ಮೇಲೆ ತಂದಿಟ್ಟಳು. "ವೈನಿ, ಇದ್ನ ನೋಡಿ."

ಪಾಠ: ಒಬ್ಬ ವ್ಯಕ್ತಿಯ ವರ್ಣನೆ. ಮಕ್ಕಳು ಒಬ್ಬರನ್ನು ನೋಡಿ, ಅವರು ಹೇಗಿದ್ದಾರೆ, ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಒಂದು ನಿಯಮ: ಹೆಸರು ಹೇಳಬಾರದು, ವರ್ಣನೆಯಿಂದಲೇ ಯಾರೆಂದು ಗೊತ್ತಾಗಬೇಕು. ಕೆಳಗೆ ಟೀಚಿಂಗ್ ಏಡ್ ಎಂಬ ಜಾಗದಲ್ಲಿ ಚೆಂದದ ಅಕ್ಷರದಲ್ಲಿ ಬರೆದಿದ್ದಳು. ಸೀಮೆಸುಣ್ಣ. ಡಸ್ಟರು. ವೈನಿ.

"ಎಂತದೇ ಇದು? ನಾನೇನು ಡಸ್ಟರಾ?"

"ಜೀವಂತ ಇರ್ಬೇಕು ವೈನಿ."

"ಏಡಿ ಆಯ್ತು, ಈಗ ನಾನಾ?"

"ನೀವು ಎದುರಿಗೆ ಇದ್ರೆ ನಂಗೆ ಗಂಟಲು ಕಟ್ಟೂದಿಲ್ಲ," ಎಂದಳು. ಮತ್ತೆ ತಲೆ ತಗ್ಗಿಸಿ, "ನಿಮಗೆ ಸೊಂಟ ನೋವಿದ್ರೆ ಬೇಡ," ಎಂದಳು.

ಇನ್ನೇನು ಹೇಳುತ್ತೀರಿ ನೀವು? ನಾನು ಮದುವೆ-ಮುಂಜಿಗೆ ಉಡುವ ಹಸಿರು ಸೀರೆಯನ್ನು ತೆಗೆದು ಬಿಸಿಲಿಗೆ ಹಾಕಿದೆ.

ಪರೀಕ್ಷೆಯ ದಿನ ಅಂಕೋಲೆಯ ಆ ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂತವರು ಧಾರವಾಡ ಕಡೆಯ ಹಿರಿಯ ಮಾಸ್ತರರು. ಬಿಳಿ ಮೀಸೆ, ದಪ್ಪ ಕನ್ನಡಕ. ಪಾಠಯೋಜನೆ ಓದುತ್ತಾ ಓದುತ್ತಾ ಅವರ ಬೆರಳು ಒಂದು ಕಡೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು.

"ಇವ್ರು ಯಾರ್ರೀ?"

"ಟೀಚಿಂಗ್ ಏಡ್, ಸರ್," ಎಂದಳು ಇವಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ.

"ನಾ ಗುಬ್ಬಿ ತಂದವರನ್ನ ನೋಡೀನಿ, ಮೊಲಾ ತಂದವರನ್ನ ನೋಡೀನಿ. ಹೆಣಮಗಳನ್ನ ಹಿಡಕೊಂಡು ಬಂದದ್ದು ಇದ ಮೊದಲ ನೋಡ್ರಿ! ಇರ್ಲಿ, ನಡೀಲಿ."

ನಾನು ಕರಿಹಲಗೆಯ ಪಕ್ಕದಲ್ಲಿ ನಿಂತೆ. ನಲವತ್ತು ಜೊತೆ ಕಣ್ಣು. ಹೈಸ್ಕೂಲಿನ ತರಗತಿಯೊಳಗೆ ನಾನು ಕಾಲಿಡದೆ ಎಷ್ಟು ವರ್ಷವಾಗಿತ್ತು! ಇಂಗ್ಲಿಷ್ ಪಿರಿಯಡ್ಡಿನಲ್ಲಿ ನನ್ನನ್ನು ಎದ್ದು ನಿಲ್ಲಿಸುತ್ತಿದ್ದರಲ್ಲ, ಹಾಗೆಯೇ ನಿಂತಿದ್ದೆ. ಇವಳು ಪೀಠಿಕೆ ಮುಗಿಸಿದಳು. ಮೊದಲ ಪ್ರಶ್ನೆ ಕೇಳಿದಳು: ಇವರನ್ನು ನೋಡಿ, ಹೇಗಿದ್ದಾರೆ ಹೇ‍ಳಿ. ಹೊಸ ಪರೀಕ್ಷಕರ ಹೆದರಿಕೆಗೆ ಒಂದು ಮಗುವೂ ಉಸಿರೆತ್ತಲಿಲ್ಲ. ಇವಳು ಇನ್ನೊಮ್ಮೆ ಕೇಳಿದಳು. ಆಗ ಧ್ವನಿ ಅರ್ಧಕ್ಕಿಳಿದಿತ್ತು. ಮೂರನೇ ಸಲ ತುಟಿ ಮಾತ್ರ ಆಡಿತು. ಹಿಂದೆ ಪರೀಕ್ಷಕರು ಪೆನ್ನಿನ ಟೊಪ್ಪಿ ತೆಗೆದರು.

ನನಗೆ ಆಮೇಲೆ ಏನಾಯಿತೋ ಗೊತ್ತಿಲ್ಲ. ಅವಳು ಪ್ರಶ್ನೆ ಕೇಳಿದ ಮೇಲೆ ಉತ್ತರ ಬರದಿದ್ದರೆ ಹೇಗೆ? ಅಡುಗೆಮನೆಯಲ್ಲಿ ಇಷ್ಟು ದಿನ ಉತ್ತರ ಕೊಟ್ಟವರು ಯಾರು? ಇಡೀ ಕ್ಲಾಸು ನಾನೇ ಅಲ್ಲವೇ! ಗಂಟಲು ಬಿಚ್ಚಿ ಕೂಗಿದೆ:

"ಶಿ ಈಸ್ ಟಾಲ್, ಟೀಚರ್!"

ಕ್ಲಾಸಿಗೆ ಕ್ಲಾಸೇ ಹೋ ಎಂದು ನಕ್ಕಿತು. ಯಾಕೆಂದರೆ ನಾನು ನಿಂತದ್ದು ಕರಿಹಲಗೆಯ ಪಕ್ಕದಲ್ಲಿ, ನನ್ನ ತಲೆ ಅದರ ಕೆಳಗಿನ ಅಂಚಿಗಿಂತ ಒಂದು ಗೇಣು ಮೇಲಿತ್ತು, ಅಷ್ಟೇ! ಕಡೆಯ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ತಡೆಯಲಾರದೆ ಎದ್ದಳು.

"ನೋ ಟೀಚರ್! ಶಿ ಈಸ್ ಶಾರ್ಟ್!"

ಮತ್ತೊಬ್ಬ ಎದ್ದ. "ಶಿ ಈಸ್ ಫ್ಯಾಟ್!" ಮುಂದಿನ ಬೆಂಚಿನವಳು, "ಗ್ರೀನ್ ಸಾರಿ, ಟೀಚರ್!" ಬಳೆ, ಮೂಗುಬೊಟ್ಟು, ತಲೆಯ ಅಬ್ಬಲಿಗೆ ದಂಡೆ, ಏನನ್ನೂ ಬಿಡಲಿಲ್ಲ ಆ ಮಕ್ಕಳು. ಪರೀಕ್ಷಕರ ಮೀಸೆ ಅಲ್ಲಾಡುತ್ತಿತ್ತು. ನಮ್ಮವಳಿಗೆ ಧ್ವನಿ ಬಂತು ನೋಡಿ! ಹೆದ್ದಾರಿಯ ಧ್ವನಿ. "ವೆರಿ ಗುಡ್! ಸಿಟ್ ಡೌನ್! ನೆಕ್ಸ್ಟ್!" ಆ ಶಾಲೆಯ ಹಂಚು ಹಾರದೇ ಉಳಿದದ್ದು ಪುಣ್ಯ.

ಆಮೇಲೆ ಎರಡನೇ ಪ್ರಶ್ನೆ: "ವಾಟ್ ಡಸ್ ಶಿ ಡೂ?" ಇವರು ಏನು ಮಾಡುತ್ತಾರೆ? ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಯೋಜನೆಯ ಪ್ರಕಾರ ಇಲ್ಲಿ ಅವಳು ಡಾಕ್ಟರ್, ರೈತ, ಪೋಸ್ಟ್‌ಮ್ಯಾನ್ ಎಂದು ಪಟ್ಟಿ ಬರೆಯಬೇಕಿತ್ತು. ನಾನು ಬಾಯಿಪಾಠ ಮಾಡಿದ್ದೆ, ನನಗೆ ಗೊತ್ತು. ಅವಳು ಸೀಮೆಸುಣ್ಣ ಕೆಳಗಿಟ್ಟಳು. ನನ್ನ ಕಡೆಗೇ ತಿರುಗಿ, ಮಕ್ಕಳಿಗೆ ತಿಳಿಯುವಂಥ ಸಣ್ಣ ಸಣ್ಣ ವಾಕ್ಯದಲ್ಲಿ, ನಿಧಾನಕ್ಕೆ ಹೇಳತೊಡಗಿದಳು.

"ಶಿ ಗೆಟ್ಸ್ ಅಪ್ ಅಟ್ ಫೈವ್. ಶಿ ಕುಕ್ಸ್ ಮೈ ರೈಸ್. ಶಿ ಕ್ಯಾರೀಸ್ ಮೈ ಬ್ಯಾಗ್. ಶಿ ಈಸ್ ಮೈ ಫಸ್ಟ್ ಸ್ಟೂಡೆಂಟ್." ಒಂದು ಹೆಜ್ಜೆ ನನ್ನ ಕಡೆಗೆ ಬಂದಳು. "ಶಿ ಈಸ್ ವೆರಿ ಟೈರ್ಡ್. ಶಿ ಟೋಲ್ಡ್ ಮಿ ಓನ್ಲಿ ಒನ್ಸ್."

ನನಗೆ ಎಲ್ಲ ತಿಳಿಯಿತು! ಒಂದೊಂದು ಮಾತೂ ತಿಳಿಯಿತು. ಎರಡು ಸಲ ಫೇಲಾದವಳಿಗೆ ಯಾರೂ ಕನ್ನಡ ಮಾಡಿ ಹೇಳದೆ ತಿಳಿಯಿತು. ಅವಳು ಐದಕ್ಕೆ ಏಳುತ್ತಾಳೆ, ನನ್ನ ಅನ್ನ ಬೇಯಿಸುತ್ತಾಳೆ, ನನ್ನ ಚೀಲ ಹೊರುತ್ತಾಳೆ, ಅವಳೇ ನನ್ನ ಮೊದಲ ವಿದ್ಯಾರ್ಥಿನಿ, ಅವಳಿಗೆ ಬಹಳ ದಣಿವಾಗಿದೆ, ಅದನ್ನು ನನಗೆ ಒಂದೇ ಒಂದು ಸಲ ಹೇಳಿದಳು. ಮನೆಯ ಮಾತಿನಲ್ಲಿ ನಮ್ಮಿಬ್ಬರ ಬಾಯಿಂದಲೂ ಹೊರಡದೇ ಉಳಿದದ್ದು ಈ ಭಾಷೆಯಲ್ಲಿ ಹೊರಟುಬಿಟ್ಟಿತ್ತು. ಉಪಕರಣಗಳು ಅಳುವ ಹಾಗಿಲ್ಲ ಎಂದು ನಾನು ಗೋಡೆಯ ಭೂಪಟದಲ್ಲಿ ಕಾರವಾರ ಎಲ್ಲಿದೆ ಎಂದು ಹುಡುಕುತ್ತಾ ನಿಂತೆ.

"ನೌ ಟೆಲ್ ಮಿ, ಹೂ ಈಸ್ ಶಿ?"

ಎರಡು ಜಡೆಯವಳೇ ಮತ್ತೆ ಎದ್ದಳು. "ಯುವರ್ ಸಿಸ್ಟರ್, ಟೀಚರ್!"

ಲೆಕ್ಕಕ್ಕೆ ಉತ್ತರ ತಪ್ಪು. ನಾನು ಅವಳಿಗೆ ಒಡಹುಟ್ಟಿದವಳಲ್ಲ. ಕದ್ವಾಡದವಳು ನಾನು, ಹಣಕೋಣದವಳು ಅವಳು. ತಪ್ಪು ಉತ್ತರವನ್ನು ತಿದ್ದಲೇಬೇಕು ಎಂದು ಅವಳ ವಹಿಯಲ್ಲೇ ಬರೆದಿತ್ತು. ಪರೀಕ್ಷಕರು ಪೆನ್ನು ಹಿಡಿದು ನೋಡುತ್ತಿದ್ದರು.

"ಯಸ್," ಎಂದಳು ಅವಳು. "ವೆರಿ ಗುಡ್. ಸಿಟ್ ಡೌನ್."

ಪಾಠ ಮುಗಿದ ಮೇಲೆ ಆ ಹಿರಿಯರು ವಹಿಗೆ ಸಹಿ ಹಾಕಿ, ಕನ್ನಡಕ ಒರೆಸಿಕೊಂಡು, "ಉಪಕರಣ ಭಾಳ ಚಲೋ ಐತ್ರೀ. ಮಾತಾಡ್ತದ, ಅದೊಂದ ದೋಷ!" ಎಂದರು. ಬಸ್ಸಿನಲ್ಲಿ ಬರುವಾಗ ಅವಳು ಕಡಲೆಕಾಯಿ ಪೊಟ್ಟಣ ತಂದಳು, ನಾನು ಸಿಪ್ಪೆ ಬಿಡಿಸಿಕೊಟ್ಟೆ. ಮನೆಯಲ್ಲಿ ಅತ್ತೆ ಕೇಳಿದರು, "ಎಂತಾ ಆಯ್ತು?" ನಾನು ಹೇಳಿದೆ, "ಟ್ರಂಕು ಅಲ್ಲೇ ಇರ್ಲಿ ಅತ್ತೆ. ಯಾರೂ ಮುಟ್ಟೂದು ಬೇಡ."

ಅವಳು ಪಾಸಾದಳು. ಎರಡು ವರ್ಷ ಕಾದ ಮೇಲೆ ಅಂಕೋಲೆಯ ಕಡೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಕ್ಕೋರಾದಳು. ಈಗ ಬಸ್ಸಿನಲ್ಲಿ ಯಾರು "ನಮಸ್ಕಾರ ಅಕ್ಕೋರೆ" ಎಂದರೂ ಅತ್ತೆಯೇ ಮೊದಲು ತಿರುಗಿ ನೋಡುತ್ತಾರೆ.

ಒಂದು ಬಾಕಿ ಉಳಿದಿದೆ. ಅವತ್ತು ಗಂಟೆ ಹೊಡೆಯುವ ಮೊದಲು ಅವಳು ಕರಿಹಲಗೆಯ ಮೇಲೆ ಹೋಮ್‌ವರ್ಕ್ ಬರೆದಿದ್ದಳು: ನಿಮ್ಮ ಮನೆಯ ಒಬ್ಬರನ್ನು ವರ್ಣಿಸಿ, ಹೆಸರು ಹೇಳಬಾರದು. ನಲವತ್ತು ಮಕ್ಕಳೂ ಬರೆದು ತಂದರಂತೆ. ಅವಳ ಮೊದಲ ವಿದ್ಯಾರ್ಥಿನಿ ಮಾತ್ರ ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಎಷ್ಟೋ ಸಲ ಕೂತೆ. 'ಶಿ ಈಸ್ ಮ್ಯಾಡ್' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅಷ್ಟಕ್ಕೇ ಮುಗಿಯುವವಳೇ ನೀನು?

ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ, ಅಕ್ಕೋರೆ. ನಿಯಮದ ಪ್ರಕಾರ ಹೆಸರು ಹೇಳಿಲ್ಲ. ಎರಡು ಸಲ ಡುಮ್ಕಿ ಹೊಡೆದ ಸಂಗತಿ ಅತ್ತೆಗೆ ಹೇಳಬೇಡ. ತಡವಾದದ್ದಕ್ಕೆ ಬೇಕಾದರೆ ಅಂಕ ಕಳೆ. ಇದನ್ನು ಓದಿದವರು ಇವಳು ಯಾರು ಎಂದು ಕೇಳಿದರೆ, ಎರಡು ಜಡೆಯ ಆ ಹುಡುಗಿ ಕೊಟ್ಟ ಉತ್ತರವನ್ನೇ ನಾನೂ ಕೊಡುತ್ತೇನೆ. ನೀನೂ ಅದನ್ನು ತಿದ್ದಬೇಡ.